ಸನ್ನೆ ನೋಡದವನ ಚೆಂಡು

ಮೊನ್ನೆ ಮೊಮ್ಮಗ ಕ್ರಿಕೆಟ್ ಆಡಿ ಬಂದವನೇ ಕೈ ಚಾಚಿದ. ಹೆಬ್ಬೆರಳು ಊದಿತ್ತು. "ಸ್ಪಿನ್ ಹಾಕ್ತೀನಿ ಅಂತ ಹೇಳಿ ಜೋರಾಗಿ ಎಸೆದುಬಿಟ್ಟ ಅಜ್ಜಾ. ಹೀಗಾದ್ರೆ ಕೀಪಿಂಗ್ ಮಾಡೋದು ಹೇಗೆ?" ಎಂದು ಗೊಣಗಿದ. ಅರಿಸಿನ ಹಚ್ಚುತ್ತಾ ಅವನಿಗೆ ಫ್ಲೀಟ್ ವಾಕರ್‌ನ ಕತೆ ಹೇಳಿದೆ.

ಮೋಸೆಸ್ ಫ್ಲೀಟ್‌ವುಡ್ ವಾಕರ್ ಅಮೆರಿಕದ ಓಹಾಯೋ ರಾಜ್ಯದಲ್ಲಿ 1856ರಲ್ಲಿ ಹುಟ್ಟಿದ ಕಪ್ಪು ಜನಾಂಗದವನು. ಓಬರ್ಲಿನ್ ಕಾಲೇಜಿನಲ್ಲಿ ಓದುವಾಗಲೇ ಬೇಸ್‌ಬಾಲ್ ಆಡುತ್ತಿದ್ದ. 1884ರಲ್ಲಿ ಟೊಲೆಡೊ ಊರಿನ ತಂಡ ದೊಡ್ಡ ಲೀಗ್‌ಗೆ ಸೇರಿದಾಗ ಅವನು ಅದರ ಕ್ಯಾಚರ್. ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಬ್ಯಾಟ್ ಹಿಡಿದವನ ಹಿಂದೆ ನಿಂತು ಚೆಂಡು ಹಿಡಿಯುವವನು. ಈಗಿನಂಥ ದಪ್ಪ ಗ್ಲೌಸ್ ಆಗ ಇರಲಿಲ್ಲ.

ಚೆಂಡು ಎಸೆಯುವವನು ಪಿಚರ್. ಎಂಥ ಚೆಂಡು ಬೇಕೆಂದು ಕ್ಯಾಚರ್ ಅವನಿಗೆ ಸನ್ನೆ ಮಾಡುತ್ತಾನೆ. ಟೊಲೆಡೊದ ಪಿಚರ್ ಟೋನಿ ಮುಲೇನ್ ಒಳ್ಳೆಯ ಆಟಗಾರನೇ. ಆದರೆ ಕಪ್ಪು ಮನುಷ್ಯನ ಮಾತನ್ನು ತಾನು ಕೇಳುವುದೇ ಎಂಬ ಹಟ. ಸನ್ನೆ ನೋಡದೆ ಮನಸ್ಸಿಗೆ ಬಂದಂತೆ ಎಸೆಯುತ್ತಿದ್ದ. ಎಂಥ ಚೆಂಡು ಬರುತ್ತಿದೆಯೆಂದು ವಾಕರ್‌ಗೆ ಮೊದಲೇ ತಿಳಿಯುತ್ತಿರಲಿಲ್ಲ. ಆದರೂ ಹಿಡಿಯುತ್ತಿದ್ದ. ಎಷ್ಟೋ ವರ್ಷಗಳ ಮೇಲೆ ಮುಲೇನ್ ಇದನ್ನು ತಾನೇ ಒಪ್ಪಿಕೊಂಡ. ತಾನು ಜೊತೆಗೆ ಆಡಿದ ಕ್ಯಾಚರ್‌ಗಳಲ್ಲಿ ವಾಕರ್‌ನೇ ಉತ್ತಮ ಎಂದೂ ಹೇಳಿದ.

42 ಪಂದ್ಯ ಆಡುವಷ್ಟರಲ್ಲಿ ಗಾಯಗೊಂಡು ವಾಕರ್ ತಂಡದಿಂದ ಹೊರಬಿದ್ದ. ದೊಡ್ಡ ಲೀಗ್‌ನಲ್ಲಿ ಅವನ ಆಟ ಅಷ್ಟೇ. ಕೆಳಗಿನ ಲೀಗ್‌ಗಳಲ್ಲಿ 1889ರವರೆಗೆ ಆಡಿದ. ಅಷ್ಟರಲ್ಲಿ ಕಪ್ಪು ಆಟಗಾರರನ್ನು ಸೇರಿಸಿಕೊಳ್ಳಬಾರದೆಂದು ತಂಡಗಳ ಒಡೆಯರು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡಿದ್ದರು. ದೊಡ್ಡ ಲೀಗ್‌ನ ಆ ಬಾಗಿಲು ಮತ್ತೆ ತೆರೆದದ್ದು 1947ರಲ್ಲಿ, ಜಾಕಿ ರಾಬಿನ್ಸನ್ ಆಡಲು ಬಂದಾಗ. ವಾಕರ್ ತೀರಿಕೊಂಡು ಆಗಲೇ 23 ವರ್ಷವಾಗಿತ್ತು.

"ತಂಡದಲ್ಲಿ ಬೇರೆಯವರು ಇದ್ದರಲ್ಲ, ಯಾರೂ ಸುಮ್ಮನಿರಬಾರದಿತ್ತು ಅಲ್ವಾ ಅಜ್ಜಾ?" ಎಂದ ಮೊಮ್ಮಗ.

ನನಗೆ ತಟ್ಟನೆ ಮಾತು ಬರಲಿಲ್ಲ. ನಮ್ಮ ಶಾಲೆಯ ತಂಡದಲ್ಲೂ ಒಬ್ಬ ಚುರುಕಾದ ಕೀಪರ್ ಇದ್ದ. ಆಟ ಮುಗಿದ ಮೇಲೆ ನಾವೆಲ್ಲ ಒಂದೇ ಲೋಟದಲ್ಲಿ ನೀರು ಕುಡಿಯುತ್ತಿದ್ದೆವು. ಅವನ ಜಾತಿ ಬೇರೆಯೆಂದು ಅವನ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಅವನು ಹಿಡಿದ ಕ್ಯಾಚಿಗೆ ಕುಣಿದಾಡಿದ ನಾನು, ಆಗ ಮಾತ್ರ ಬೇರೆ ಕಡೆ ನೋಡುತ್ತಿದ್ದೆ.

ಅದನ್ನೂ ಮುಚ್ಚಿಡದೆ ಹೇಳಿದೆ.

ಮೊಮ್ಮಗ ಸ್ವಲ್ಪ ಹೊತ್ತು ಬೆರಳನ್ನೇ ನೋಡುತ್ತಿದ್ದು, "ನೀನಾದ್ರೂ ಲೋಟ ಕೊಡಬಹುದಿತ್ತು" ಎಂದ.

"ಹೌದು ಕಂದಾ, ಕೊಡಬಹುದಿತ್ತು" ಎಂದೆ.