ಮನೋರಮೆಯ ತಾಯಿ

ಕಳೆದ ಬೇಸಿಗೆಯಲ್ಲಿ ನಾನು ಪುಣೆಯ ಕೊಥ್ರೂಡಿನಲ್ಲಿರುವ ಮಗಳ ಮನೆಯಲ್ಲಿದ್ದೆ. ಒಂದು ರಾತ್ರಿ ಊಟವಾದ ಮೇಲೆ ಅವಳು, "ಅಮ್ಮಾ, ಕೆಲಸ ಬಿಟ್ಟು ಎಂ.ಬಿ.ಬಿ.ಎಸ್. ಓದಬೇಕೆಂದಿದ್ದೇನೆ. ನೀಟ್ ಪರೀಕ್ಷೆಗೆ ಸಿದ್ಧತೆ ಶುರುಮಾಡಿದ್ದೇನೆ" ಎಂದಳು. ಅವಳಿಗೆ 30 ವರ್ಷ, ಮಗನಿಗೆ ನಾಲ್ಕು. ಆ ಪರೀಕ್ಷೆಗಿದ್ದ ಗರಿಷ್ಠ ವಯೋಮಿತಿ 2022ರಲ್ಲಿ ರದ್ದಾಯಿತೆಂಬುದನ್ನು ಅವಳೇ ತಿಳಿಸಿದಳು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಓದು. ನನ್ನ ಬಾಯಿಂದ ಹೊರಟದ್ದು ಒಂದೇ ಮಾತು: "ಮಗುವಿನ ಗತಿ?" ಅವಳು ಮರುಮಾತಾಡದೆ ಪಾತ್ರೆ ತೊಳೆಯಲು ಎದ್ದಳು.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಪಂಡಿತಾ ರಮಾಬಾಯಿಯವರನ್ನು ಕುರಿತು ಎಷ್ಟೋ ಸಲ ಪಾಠ ಹೇಳಿದವಳು ನಾನು. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಅವರು, 1882ರಲ್ಲಿ ಪತಿಯನ್ನು ಕಳೆದುಕೊಂಡು, ಎಳೆಗೂಸು ಮನೋರಮೆಯೊಡನೆ ಬಂದದ್ದು ಇದೇ ಪುಣೆಗೆ. ಅದೇ ವರ್ಷ ಹಂಟರ್ ಆಯೋಗದ ಮುಂದೆ, ಈ ದೇಶದ ಹೆಂಗಸರಿಗೆ ಮಹಿಳಾ ವೈದ್ಯರು ಬೇಕೆಂದು ಸಾಕ್ಷ್ಯ ನುಡಿದರು. 1883ರಲ್ಲಿ ತಾವೇ ವೈದ್ಯಕೀಯ ಓದುವ ಉದ್ದೇಶದಿಂದ ಮಗುವಿನೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಆಸೆ ಕೈಗೂಡಲಿಲ್ಲ. ಆದರೆ ಅಡ್ಡಬಂದದ್ದು ಮಗುವಲ್ಲ, ಅವರ ಕುಂದಿದ ಶ್ರವಣಶಕ್ತಿ. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿಯವರು ವೈದ್ಯ ಪದವಿ ಪಡೆದಾಗ ರಮಾಬಾಯಿ ಸಭೆಯಲ್ಲಿದ್ದರು. ತಮಗೆ ದಕ್ಕದ ಪದವಿ ಇನ್ನೊಬ್ಬಳಿಗೆ ದಕ್ಕುವುದನ್ನು ಕಾಣಲು ಅಟ್ಲಾಂಟಿಕ್ ದಾಟಿ ಹೋದ ಮನಸ್ಸು ಅದು.

ತರಗತಿಯಲ್ಲಿ ಇಷ್ಟೆಲ್ಲ ಹೇಳುವ ನಾನು ಮನೆಯಲ್ಲಿ ಹೇಳಿದ್ದೇನು? ಈ ವಿಭಾಗದಲ್ಲಿ ನಾನು ಪಿಎಚ್.ಡಿ.ಗೆ ಸೇರಿದಾಗ ಈ ಮಗಳಿಗೆ ಎರಡು ವರ್ಷ. ಗ್ರಂಥಾಲಯದ ಬಾಗಿಲು ಹಾಕುವವರೆಗೂ ಶಾಸನ ಸಂಪುಟಗಳ ಮುಂದೆ ಕುಳಿತಿರುತ್ತಿದ್ದೆ. ಇವಳಿಗೆ ಉಣ್ಣಿಸಿದವರು, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡವರು ನನ್ನ ಅತ್ತೆ. ಎರಡನೆಯ ಇಯತ್ತೆಯಷ್ಟೇ ಓದಿದ್ದ ಅವರು "ಮಗುವಿನ ಗತಿ?" ಎಂದು ಒಂದು ದಿನವೂ ಕೇಳಲಿಲ್ಲ. ನನ್ನ ಮಹಾಪ್ರಬಂಧದ ಅರಿಕೆಯಲ್ಲಿ ಮಾರ್ಗದರ್ಶಕರನ್ನೂ ಗ್ರಂಥಪಾಲಕರನ್ನೂ ಬೆರಳಚ್ಚುಗಾರರನ್ನೂ ನೆನೆದಿದ್ದೇನೆ, ಅತ್ತೆಯ ಪ್ರಸ್ತಾಪವಿಲ್ಲ.

ಬೆಳಿಗ್ಗೆ ಮಗಳಿಗೆ ಹೇಳಿದೆ: "ಸೀಟು ಸಿಕ್ಕುವುದೋ ಇಲ್ಲವೋ ತಿಳಿಯದು. ನೀನು ಓದು. ರಜೆಗಳಲ್ಲಿ ಬರುತ್ತೇನೆ, ಎರಡು ವರ್ಷಕ್ಕೆ ನಿವೃತ್ತಿ, ಆಮೇಲೆ ಇಲ್ಲೇ ಇರುತ್ತೇನೆ." ಅವಳು ನಕ್ಕು, "ಅಜ್ಜಿ ಇದ್ದಿದ್ದರೆ ನಿನ್ನೆ ರಾತ್ರಿಯೇ ಹೇಳುತ್ತಿದ್ದರು" ಎಂದಳು.

ಅರಿಕೆಯಲ್ಲಿ ಬಿಟ್ಟುಹೋದ ಆ ಸಾಲನ್ನು ವಿಭಾಗದ ಈ ಸಂಪುಟದಲ್ಲಿ ಬರೆದು ಸೇರಿಸುತ್ತಿದ್ದೇನೆ.