ಇಲಿಯ ಮೈಯ ಹುಣ್ಣು

ಗೃಹಸ್ಥರ ಮನೆಯಲ್ಲಿ ಇಲಿಗೆ ಎರಡು ಪದವಿಗಳುಂಟು. ಭಾದ್ರಪದದ ಚೌತಿಯ ದಿನ ಅದು ದೇವರ ವಾಹನ. ಉಳಿದ ದಿನಗಳಲ್ಲಿ ಬೋನಿಗೆ ಬೀಳಬೇಕಾದ ಕಳ್ಳ. ಇವೆರಡಕ್ಕೂ ಸೇರದ ಬಿಳಿಯ ಇಲಿಯೊಂದು ಒಂದು ಮನೆಯಲ್ಲಿದ್ದಿತು. ಅದು ಆ ಮನೆಯ ಎಂಟು ವರ್ಷದ ಹುಡುಗಿಯ ಒಡನಾಡಿ. ತಂತಿಯ ಗೂಡಿನಲ್ಲಿ ಇನ್ನೊಂದು ಹೆಣ್ಣಿಲಿಯೊಡನೆ ಅದರ ವಾಸ.

ಒಂದು ದಿನ ಅದರ ಕಿವಿಯ ಹಿಂದೆ ಕೂದಲುದುರಿ, ಸಣ್ಣ ಸಣ್ಣ ಹಕ್ಕಳೆಗಳೆದ್ದಿರುವುದನ್ನು ಹುಡುಗಿಯು ಕಂಡಳು. ಇಲಿಯು ಹಿಂಗಾಲಿನಿಂದ ಬಿಡುವಿಲ್ಲದೆ ಕೆರೆದುಕೊಳ್ಳುತ್ತಿದ್ದಿತು. ಅಜ್ಜಿಯು ಕೊಬ್ಬರಿಯೆಣ್ಣೆಯಲ್ಲಿ ಅರಿಸಿನವನ್ನು ಕಲಸಿ ತಂದರು. ತಂದೆಯು, “ಹೋಗಲಿ ಬಿಡಮ್ಮ, ಬೇರೊಂದನ್ನು ತಂದುಕೊಟ್ಟರಾಯಿತು” ಎಂದರು. ಎಣ್ಣೆಗೆ ಹುಡುಗಿಯು ಒಪ್ಪುತ್ತಿದ್ದಳೋ ಏನೋ; ತಂದೆಯ ಮಾತಿಗೆ ಮಾತ್ರ ಅವಳ ಕಣ್ಣುಗಳು ತುಂಬಿಬಂದವು. ಕೊನೆಗೆ ತಂದೆಯೇ ಗೂಡನ್ನೆತ್ತಿಕೊಂಡು ಪಶುವೈದ್ಯರಲ್ಲಿಗೆ ಹೋಗಬೇಕಾಯಿತು.

ವೈದ್ಯರು ಮೊದಲು ಎಣ್ಣೆಯನ್ನು ಬೇಡವೆಂದರು. ಇಲಿಯು ಮೈಗೆ ಬಳಿದುದನ್ನೆಲ್ಲ ನೆಕ್ಕಿಬಿಡುವುದು. ಎಣ್ಣೆಯಿಂದ ಕೂದಲು ಅಂಟಿಕೊಂಡರೆ ಅಷ್ಟು ಸಣ್ಣ ಜೀವಕ್ಕೆ ಚಳಿ ತಗಲುವುದು. ಬಳಿಯುವುದಕ್ಕೆ ಮೊದಲು ಕಾರಣವನ್ನು ನೋಡತಕ್ಕದ್ದು ಎಂದು ಹೇಳಿ ಅವರು ವಿವರಿಸಿದರು. ಒಂದು ಇಲಿಯು ಇನ್ನೊಂದಕ್ಕೆ ಹಲ್ಲಿನಿಂದ ಕ್ಷೌರ ಮಾಡುವುದುಂಟು. ಆಗ ಮೀಸೆಯೋ ಕೂದಲೋ ಹೋಗಿರುವುದಲ್ಲದೆ ಚರ್ಮವು ನಿರ್ಮಲವಾಗಿಯೇ ಇರುವುದು. ಗಂಡಿಲಿಗಳು ಕಾದಾಡಿದರೆ ಬೆನ್ನಿನ ಹಿಂಭಾಗದಲ್ಲಿಯೂ ಬಾಲದಲ್ಲಿಯೂ ಕಚ್ಚಿದ ಗಾಯಗಳು ಕಾಣುವುವು. ಹುಳುಕಡ್ಡಿಯಾದರೆ ಮುಟ್ಟಿದವರಿಗೂ ಅಂಟಬಹುದು. ತುರಿಕೆಯೂ ಹಕ್ಕಳೆಯೂ ಕತ್ತಿನ ಸುತ್ತ ಕೂಡಿ ಬಂದರೆ ನುಸಿಯನ್ನು ಶಂಕಿಸಬೇಕು. ಅವರು ನಾಲ್ಕು ಕೂದಲನ್ನು ಕಿತ್ತು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದರು. ಜೇಡನ ಕುಲಕ್ಕೆ ಸೇರಿದ ಆ ನುಸಿಯು ಕೂದಲನ್ನು ತಬ್ಬಿಕೊಂಡಿದ್ದಿತು.

ಚೀಟಿ ಬರೆಯುತ್ತ ಅವರು, ಬೇರೊಂದನ್ನು ತರುವುದು ಸುಲಭವಾಗಿದ್ದರೂ ಹಾಗೆ ಮಾಡದ ಒಬ್ಬ ಹೆಂಗಸಿನ ಕಥೆಯನ್ನು ಹೇಳಿದರು. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಗ್ರ್ಯಾನ್ಬಿ ಎಂಬ ಊರಿನಲ್ಲಿ ಅಬಿ ಲ್ಯಾತ್ರಪ್ (1868–1918) ಎಂಬವರಿದ್ದರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವರು ಅದನ್ನು ಬಿಟ್ಟು ಕೋಳಿ ಸಾಕಿ ನಷ್ಟಪಟ್ಟರು. ಬಳಿಕ ಮುದ್ದಿನ ಇಲಿಗಳನ್ನು ಸಾಕಿ ಮಾರತೊಡಗಿದರು. ಅವರಲ್ಲಿ ಹತ್ತು ಸಾವಿರಕ್ಕೂ ಮೇಲ್ಪಟ್ಟು ಇಲಿಗಳಿದ್ದ ಕಾಲವೂ ಇತ್ತು. 1908ರಲ್ಲಿ ಕೆಲವು ಇಲಿಗಳ ಮೈಮೇಲೆ ಹುಣ್ಣುಗಳೆದ್ದುವು. ಅವುಗಳನ್ನು ಎಸೆದಿದ್ದರೆ ಕೇಳುವವರಿರಲಿಲ್ಲ. ಆದರೆ ಅವರು ವಿಜ್ಞಾನಿಗಳಿಗೆ ಕಳುಹಿಸಿ ಕಾರಣವನ್ನು ಕೇಳಿದರು. ಲಿಯೋ ಲೋಬ್ ಎಂಬ ವಿಜ್ಞಾನಿಯು ಪರೀಕ್ಷಿಸಿ, ಅದು ಅರ್ಬುದವೆಂದು ತಿಳಿಸಿದನು. ಅಂದಿನಿಂದ ಇಬ್ಬರೂ ಕೂಡಿ ದುಡಿದು, ಹೆಣ್ಣಿಲಿಯ ಅಂಡಾಶಯವನ್ನು ತೆಗೆದರೆ ಸ್ತನದ ಗೆಡ್ಡೆಗಳು ಕಡಮೆಯಾಗುವುವೆಂಬುದನ್ನು ಕಂಡರು. ಇಂದಿನ ಪ್ರಯೋಗಶಾಲೆಗಳಲ್ಲಿ ಪ್ರಸಿದ್ಧವಾದ ಸಿ57 ಕಪ್ಪಿಲಿಯ ಸಂತತಿಯನ್ನು 1921ರಲ್ಲಿ ಬೇರೊಬ್ಬರು ಬೆಳೆಸಿದುದು ಆಕೆಯ ಇಲಿಗಳಿಂದಲೇ. ಆ ಸಂತತಿಗೆ ಕತ್ತಿನ ಹಿಂದೆ ತುರಿಹುಣ್ಣಾಗುವುದು ಇಂದಿಗೂ ಹೆಚ್ಚು ಎಂದು ವೈದ್ಯರು ನಕ್ಕರು.

ತಂದೆಯು ಸುಮ್ಮನೆ ಕೇಳುತ್ತಿದ್ದರು.

ಮೂವತ್ತು ಗ್ರಾಮಿನ ಜೀವಕ್ಕೆ ಮದ್ದು ತುಸು ಹೆಚ್ಚಾದರೂ ವಿಷವಾದೀತು. ಆದುದರಿಂದ ವೈದ್ಯರು ಇಲಿಯನ್ನು ತೂಗಿ, ಐವರ್ಮೆಕ್ಟಿನ್ ಮದ್ದನ್ನು ತೆಳುವು ಮಾಡಿ ಕತ್ತಿನ ಮೇಲೆ ತಾವೇ ಹನಿಸಿದರು. ಮದ್ದು ಮೊಟ್ಟೆಗಳನ್ನು ಕೊಲ್ಲದು. ಅವು ಒಡೆದು ಮರಿಗಳಾದ ಮೇಲೆ ಮತ್ತೆ ಹಾಕಬೇಕೆಂದು ಮರುದಿನಗಳನ್ನು ಗೊತ್ತುಮಾಡಿದರು. ಕೆರೆಯದ ಜೊತೆಯ ಇಲಿಗೂ ಅದೇ ಚಿಕಿತ್ಸೆಯಾಯಿತು. ಹಿಂಗಾಲಿನ ಉಗುರುಗಳ ತುದಿಯನ್ನು ಕತ್ತರಿಸಿದರು. ಘಾಟಾದ ಮರದ ಹೊಟ್ಟನ್ನು ತೆಗೆದು ಕಾಗದದ ಚೂರುಗಳನ್ನು ಹಾಸಿ, ಗೂಡನ್ನು ಬಿಸಿನೀರಿನಲ್ಲಿ ತೊಳೆಯುತ್ತಿರಬೇಕೆಂದರು.

ಒಂದು ತಿಂಗಳೊಳಗೆ ಹಕ್ಕಳೆಯುದುರಿ, ಕಿವಿಯ ಹಿಂದೆ ಮೃದುವಾದ ಹೊಸ ಕೂದಲು ಬಂದಿತು. ಇಲಿಯ ಆಯುಸ್ಸು ಸಾಮಾನ್ಯವಾಗಿ ಎರಡು ವರ್ಷ. ಅದರಲ್ಲಿ ಒಂದು ತಿಂಗಳ ನೆಮ್ಮದಿಯೆಂಬುದು ಸಣ್ಣ ಪಾಲಲ್ಲ. ಪ್ರತಿ ಭಾನುವಾರ ಹುಡುಗಿಯು ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂದಲನ್ನು ಸರಿಸಿ ನೋಡುವಳು. ಆ ಹೊತ್ತಿಗೆ ಹಳೆಯ ಕಾಗದವನ್ನು ತೆಗೆದು, ಹೊಸದನ್ನು ಹರಿದು ಗೂಡಿನಲ್ಲಿ ಹಾಸುವ ಕೆಲಸ ಮಾತ್ರ ಯಾರೂ ಹೇಳದೆಯೇ ತಂದೆಯದಾಯಿತು.