ಎರಡು ಲೋಕದ ದೊರೆ

ಶಾಸನ ಪಾಠ ಹೇಳುವವನಿಗೆ ಬಿರುದುಗಳ ಮೇಲೆ ಒಂದು ಬಗೆಯ ಅಕ್ಕರೆ ಬೆಳೆದುಬಿಡುತ್ತದೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದು, ‘ಸಮಸ್ತ ಭುವನಾಶ್ರಯ, ಶ್ರೀಪೃಥ್ವೀವಲ್ಲಭ’ ಎಂಬ ಚಾಳುಕ್ಯರ ಬಿರುದಾವಳಿಯನ್ನು ವಿವರಿಸುವಾಗ ನನಗೆ ನಗು ಬರುವುದಿಲ್ಲ. ಆ ಅರಸರು ಗುಡಿ ಕಟ್ಟಿಸಿದರು, ದತ್ತಿ ಬಿಟ್ಟರು. ಹೊಗಳಿಕೆಗೆ ಅಷ್ಟಿಷ್ಟು ಆಧಾರವಾದರೂ ಇದೆ. ಆದರೆ ನಮ್ಮ ಎರೆಹೊಲಗಳ ನಡುವೆ ಕುದುರೆ ಓಡಿಸಿದ ಒಬ್ಬನು ತನಗೆ ತಾನೇ ತೊಡಿಸಿಕೊಂಡ ಬಿರುದೊಂದಿದೆ: ‘ಉಭಯ ಲೋಕಾಧೀಶ್ವರ’. ಇಹಕ್ಕೂ ಅವನೇ ದೊರೆ, ಪರಕ್ಕೂ ಅವನೇ! ಅವನು ಧೋಂಡಿಯಾ ವಾಘ.

ಇದನ್ನು ಓದಿದಾಗಲೆಲ್ಲ ನನಗೆ ಯುಗಾಂಡಾದ ಇದಿ ಅಮೀನನ ನೆನಪಾಗುತ್ತದೆ. 1971ರ ಜನವರಿಯಲ್ಲಿ ದಂಡಿನ ಬಲದಿಂದ ಗಾದಿ ಏರಿದ ಆ ಮಾಜಿ ಕುಸ್ತಿಪಟು—ಅಲ್ಲ, ಮುಷ್ಟಿಕಾಳಗದ ಪಟು—ತನ್ನನ್ನು ಭೂಮಿಯ ಮೇಲಿನ ಮೃಗಗಳಿಗೂ ಕಡಲಿನ ಮೀನುಗಳಿಗೂ ಒಡೆಯನೆಂದು, ಆಫ್ರಿಕದಲ್ಲಿ ಬ್ರಿಟಿಷ್ ಸಾಮ್ರಾಜ್ಯವನ್ನು ಗೆದ್ದವನೆಂದು ಕರೆಯಿಸಿಕೊಂಡನು. 1972ರಲ್ಲಿ, ತೊಂಬತ್ತು ದಿನಗಳ ಗಡುವು ಕೊಟ್ಟು ಅಲ್ಲಿಯ ಭಾರತೀಯ ಮೂಲದವರನ್ನು ಹೊರಗಟ್ಟಿದನು. ಅವನ ಆಳ್ವಿಕೆಯಲ್ಲಿ ಸತ್ತವರು ಮೂರು ಲಕ್ಷವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅಷ್ಟಾದರೂ 1975ರಲ್ಲಿ ಅವನು ಬಿಳಿಯರ ಹೆಗಲ ಮೇಲೆ ಕುರ್ಚಿ ಹೊರಿಸಿಕೊಂಡು ಮೆರೆದಾಗ ಚಪ್ಪಾಳೆ ತಟ್ಟಿದವರಿದ್ದರು. ಆ ಚಪ್ಪಾಳೆಯ ಸದ್ದು ನಮ್ಮಲ್ಲಿಯೂ ಕೇಳಿಸುತ್ತದೆ ಎನ್ನುವುದಕ್ಕಾಗಿಯೇ ಈ ಮಾತು ಎತ್ತಿದೆ.

ಧೋಂಡಿಯಾ ಚನ್ನಗಿರಿಯ ಮರಾಠಾ ಮನೆತನದವನು. 1793ರಲ್ಲಿ ಗುಂಪು ಕಟ್ಟಿಕೊಂಡು ಬಂದು ಹಾವೇರಿ, ಸವಣೂರುಗಳನ್ನು ಹಿಡಿದ. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ ಬೆನ್ನಟ್ಟಲು ಟೀಪುವಿನ ಆಶ್ರಯಕ್ಕೆ ಹೋದ. ಅಲ್ಲಿ ಕೊನೆಗೆ ದೊರೆತದ್ದು ಶ್ರೀರಂಗಪಟ್ಟಣದ ಸೆರೆಮನೆ. 1799ರ ಮೇ ತಿಂಗಳಲ್ಲಿ ಕೋಟೆ ಬಿದ್ದಾಗ ಬಿಡುಗಡೆಯಾಯಿತು. ಟೀಪುವಿನ ದಂಡು ಚೆದುರಿ ಸಾವಿರಾರು ಸಿಪಾಯಿಗಳು ಕೂಳಿಲ್ಲದೆ ಅಲೆಯುತ್ತಿದ್ದರು. ಅವರಿಗೊಬ್ಬ ನಾಯಕ ಬೇಕಾಗಿದ್ದನು, ಇವನಿಗೆ ದಂಡು ಬೇಕಾಗಿತ್ತು. ಒಂದು ವರ್ಷದೊಳಗೆ ತುಂಗಭದ್ರೆಯಿಂದ ಮಲಪ್ರಭೆಯವರೆಗೆ ಅವನ ಹೆಸರಿಗೆ ಊರು ನಡುಗತೊಡಗಿತು. 1800ರ ಜೂನ್ ಕೊನೆಗೆ ಕಿತ್ತೂರಿನ ಕಡೆ ಗೋಖಲೆಯನ್ನು ಕೊಂದನು. ಹಗೆಯ ಎದೆಯ ರಕ್ತದಿಂದ ಮೀಸೆ ತೀಡುವೆನೆಂದು ಆಣೆ ಮಾಡಿದ್ದವನು ಹಾಗೆಯೇ ತೀಡಿದನೆಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಭಾರತದ ಕಥೆ ಓದಿದ ನಮಗೆ ಈ ಆಣೆ ಹೊಸದಲ್ಲ. ಆದರೆ ಭೀಮನಿಗೆ ತಾನು ಯಾರ ಮಾನಕ್ಕಾಗಿ ಮುನಿದೆನೆಂಬುದು ಗೊತ್ತಿತ್ತು.

ಅವನ ಬೆನ್ನು ಹತ್ತಿ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ—ಮುಂದೆ 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಜುಲೈ 14ರಂದು ಕುಂದಗೋಳಕ್ಕೆ ಬಂದನು. ಕೋಟೆಯಲ್ಲಿ ಧೋಂಡಿಯಾನ 600 ಜನ ಇದ್ದರು. ಅದೇ ದಿನ ಸಂಜೆಯೊಳಗೆ ಏಣಿ ಹಾಕಿ ಕೋಟೆ ಹತ್ತಿದ್ದಾಯಿತು. ಸವಾಯಿ ಗಂಧರ್ವರ ಊರೆಂದು ನಾವು ಕುಂದಗೋಳಕ್ಕೆ ಹಾಡು ಕೇಳಲು ಹೋಗುತ್ತೇವೆ. ಈ ಸಂಜೆಯನ್ನು ನೆನೆಯುವವರು ಕಡಿಮೆ. ಒಮ್ಮೆ ಅಲ್ಲಿಯ ಹಿರಿಯ ರೈತರೊಬ್ಬರಿಗೆ ನಾನು ಇದನ್ನೆಲ್ಲ ಹೇಳಿದೆ. ಮೆಣಸಿನಕಾಯಿ ಹರವುತ್ತಿದ್ದವರು ತಲೆ ಎತ್ತಿ, “ಹಗೇವಿನ ಬಾಯಿ ಯಾರ್ ತೆಗಸಿದ್ರಂತ್ರೀ ಸರ?” ಎಂದು ಕೇಳಿದರು. ಇಷ್ಟು ವರ್ಷದ ನನ್ನ ಓದಿನಲ್ಲಿ ಯಾವ ಪಂಡಿತರೂ ಕೇಳದ ಪ್ರಶ್ನೆ ಅದು. ಎರಡು ದಂಡಿನ ಹಸಿದ ಕುದುರೆಗಳೂ ಸಿಪಾಯಿಗಳೂ ಅದೇ ಮಳೆಗಾಲದಲ್ಲಿ ಇದೇ ನೆಲದ ಮೇಲೆ ಹಾಯ್ದು ಹೋದವಷ್ಟೆ!

ಹೈಸ್ಕೂಲಿನಲ್ಲಿ ಧೋಂಡಿಯಾನ ಪಾಠ ಓದಿ ಬಂದ ಹುಡುಗರು ನನ್ನನ್ನು ತರಾಟೆಗೆ ತೆಗೆದುಕೊಳ್ಳುವುದುಂಟು: “ಇಂಗ್ಲಿಷರ ಕೂಡ ಕಾದಾಡಿದಾಂವ ವೀರ ಅಲ್ಲೇನ್ರೀ ಸರ?” ಧೈರ್ಯಶಾಲಿ ಹೌದು, ಅದನ್ನು ವೆಲ್ಲೆಸ್ಲಿಯೂ ಅಲ್ಲಗಳೆಯಲಾರ. ಆದರೆ ಇಂಗ್ಲಿಷರ ವೈರಿಯಾದ ಮಾತ್ರಕ್ಕೆ ರೈತನ ಬಂಧುವಾಗುವುದಿಲ್ಲ. ಸೂರೆಯಿಂದ ಹೊಟ್ಟೆ ಹೊರೆಯುವ ದಂಡಿಗೆ ದೇಶಾಭಿಮಾನದ ಅಂಗಿ ತೊಡಿಸಲು ನನಗೆ ಮನಸ್ಸಿಲ್ಲ. ಯುಗಾಂಡಾದಲ್ಲಿ ಚಪ್ಪಾಳೆ ತಟ್ಟಿದವರೂ ಬಿಳಿಯರ ಹೆಗಲನ್ನು ನೋಡಿದರು; ಕುರ್ಚಿಯ ಮೇಲೆ ಕುಳಿತವನ ಕೈ ನೋಡಲಿಲ್ಲ.

ಹಾಗೆಂದು ಬೆನ್ನಟ್ಟಿ ಬಂದವನನ್ನು ಉದ್ಧಾರಕನೆನ್ನಲೂ ನಾನು ಸಿದ್ಧನಿಲ್ಲ. ಜುಲೈ 30ರಂದು ಮುನವಳ್ಳಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಧೋಂಡಿಯಾನ ಸಾಮಾನು ಸರಂಜಾಮಿನ ಪಾಳೆಯ ವೆಲ್ಲೆಸ್ಲಿಗೆ ಸಿಕ್ಕಿತು. ಆರು ತೋಪು ಹಿಡಿದುದಾಗಿಯೂ ಸುಮಾರು 5,000 ಜನರನ್ನು ಹೊಳೆಗೆ ಅಟ್ಟಿ ಮುಳುಗಿಸಿದುದಾಗಿಯೂ ಅವನೇ ಥಾಮಸ್ ಮನ್ರೋಗೆ ಪತ್ರ ಬರೆದನು. ಆ ಕಾಲದ ಪಾಳೆಯವೆಂದರೆ ಬರಿಯ ಸಿಪಾಯಿಗಳಲ್ಲ. ಹೆಂಗಸರು, ಮಕ್ಕಳು, ಎತ್ತು ಹೊಡೆಯುವವರು, ಅಡಿಗೆಯವರು. ಇಂದು ನವಲಗುಂದದ ಹೊಲಗಳಿಗೆ ಕಾಲುವೆಯಲ್ಲಿ ಬರುವುದು ಅದೇ ಹೊಳೆಯ ನೀರು.

ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಎಲ್ಲ ಮುಗಿಯಿತು. ಎರಡು ಲೋಕದ ದೊರೆಯ ಹೆಣವನ್ನು ತೋಪಿನ ಗಾಡಿಯ ಮೇಲೆ ಹೇರಿ ಪಾಳೆಯಕ್ಕೆ ತಂದರು. ಅವನಾದರೂ ಕುದುರೆಯ ಮೇಲೆ ಕಾದಾಡಿ ಸತ್ತ. ಅಮೀನನು 1978ರಲ್ಲಿ ನೆರೆಯ ತಾಂಜಾನಿಯಾದ ಮೇಲೆ ಏರಿ ಹೋಗಿ, ಮರುವರ್ಷದ ಏಪ್ರಿಲ್‌ನಲ್ಲಿ ರಾಜಧಾನಿ ಕಳೆದುಕೊಂಡು ಓಡಿಹೋದ. ಸೌದಿ ಅರೇಬಿಯದಲ್ಲಿ ಸುಖವಾಗಿದ್ದು 2003ರಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ತೀರಿಕೊಂಡ. ಯಾವ ನ್ಯಾಯಾಲಯವೂ ಅವನನ್ನು ವಿಚಾರಿಸಲಿಲ್ಲ.

ಧೋಂಡಿಯಾನ ಸಾಮಾನುಗಳ ನಡುವೆ ಅವನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕಿದನು. ವೆಲ್ಲೆಸ್ಲಿ ಆ ಕೂಸನ್ನು ತನ್ನ ಡೇರೆಗೆ ಒಯ್ದು ಸಾಕಿದನು; 1805ರಲ್ಲಿ ಭಾರತ ಬಿಡುವಾಗ ಅವನ ಪೋಷಣೆಗೆಂದು ಹಣ ಇಟ್ಟು ಹೋದನು. ಹುಡುಗ ಬೆಳೆದು ಮೈಸೂರು ಅರಸರ ಚಾಕರಿಗೆ ಸೇರಿದ. ಈ ದಯೆಯನ್ನು ವೆಲ್ಲೆಸ್ಲಿಯ ಚರಿತ್ರೆ ಬರೆದವರು ಮೆಚ್ಚಿ ಬರೆಯುತ್ತಾರೆ, ನಾನೂ ಮೆಚ್ಚುತ್ತೇನೆ. ಮಲಪ್ರಭೆಯಲ್ಲಿ ಮುಳುಗಿದ ಕೂಸುಗಳ ಹೆಸರು ಮಾತ್ರ ಆ ಪತ್ರದಲ್ಲಿ ಇಲ್ಲ. ಅಲ್ಲಿರುವುದು ಒಂದು ಸಂಖ್ಯೆ; ಅದೂ ‘ಸುಮಾರು’.